ವಜ್ರಕ್ಕೆ ಒರೆಗಲ್ಲು ಯಾವುದು?

ಜಮಖಂಡಿ, ಮುಧೋಳ, ಬೀಳಗಿ ಅಥವಾ ರಬಕವಿ-ಬನಹಟ್ಟಿಯಲ್ಲಿ ಮಗಳ ಮದುವೆಗೆ ಬಂಗಾರ ಕೊಳ್ಳಲು ಕೂತವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇವತ್ತಿನ ದರ ಎಷ್ಟು, ಮಜೂರಿ ಎಷ್ಟು ಹಿಡಿದಿದ್ದೀರಿ, ಹಾಲ್‌ಮಾರ್ಕ್ ಎಲ್ಲಿದೆ ಎಂದು ಮನೆಯ ಹೆಣ್ಣುಮಕ್ಕಳೇ ಒಂದೊಂದಾಗಿ ಕೇಳಿ, ಲೆಕ್ಕ ತಾಳೆ ನೋಡಿ, ಚೌಕಾಶಿ ಮಾಡಿಯೇ ಏಳುತ್ತಾರೆ. ಅದೇ ಜನ ವಜ್ರದ ಮೂಗುಬೊಟ್ಟಿಗೋ ಉಂಗುರಕ್ಕೋ ಕೈಹಾಕಿದಾಗ ಮಾತು ನಿಂತುಬಿಡುತ್ತದೆ. ಖರೇ ವಜ್ರ ಹೌದಲ್ಲ, ಎಷ್ಟಾಗುತ್ತದೆ ಎಂಬ ಎರಡೇ ಪ್ರಶ್ನೆಗೆ ವ್ಯವಹಾರ ಮುಗಿಯುತ್ತದೆ. ಇದರಲ್ಲಿ ಕೊಳ್ಳುವವರ ತಪ್ಪಿಗಿಂತ ಸರಕಿನ ಸ್ವಭಾವದ ಪಾಲೇ ದೊಡ್ಡದು. ಬಂಗಾರಕ್ಕೆ ಊರಿಗೆಲ್ಲ ಗೊತ್ತಿರುವ ದಿನದ ದರವಿದೆ. ಪತ್ತಾರರ ಒರೆಗಲ್ಲಿನ ಮೇಲೆ ಎಳೆದ ಗೆರೆ ಅದರ ಗುಣ ಹೇಳುತ್ತದೆ. ವಜ್ರಕ್ಕೆ ಅಂಥ ಒಂದು ದರವಿಲ್ಲ. ಒಂದೇ ತೂಕದ ಎರಡು ಹರಳುಗಳ ಬೆಲೆಯಲ್ಲಿ ಹಲವು ಪಟ್ಟು ಅಂತರವಿರಬಹುದು. ಆ ಅಂತರದ ಕಾರಣ ಬರಿಗಣ್ಣಿಗೆ ಕಾಣದೆಯೂ ಇರಬಹುದು. ಹಾಗಾಗಿ ವಜ್ರ ಕೊಳ್ಳುವವರು ಹರಳಿನ ಜೊತೆಗೆ ಅದನ್ನು ಪರೀಕ್ಷಿಸಿದವರ ತೀರ್ಪಿಗೂ ಹಣ ಕೊಡುತ್ತಿರುತ್ತಾರೆ. ಆ ತೀರ್ಪು ಯಾರದು ಎಂದು ಕೇಳದೆ ವಜ್ರ ಕೊಳ್ಳಬಾರದು ಎಂಬುದು ಈ ಲೇಖನದ ವಾದ.

ರತ್ನಪರೀಕ್ಷೆ ಈ ನೆಲಕ್ಕೆ ಹೊಸ ವಿದ್ಯೆಯಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನಕ್ಕೇರಿದ ಮುಧೋಳದ ರನ್ನ, ತನ್ನ ಕಾವ್ಯವನ್ನು ಅಳೆಯಲು ಬರುವವರಿಗೆ ರತ್ನಪರೀಕ್ಷಕರ ಹೋಲಿಕೆ ಕೊಟ್ಟೇ ಸವಾಲು ಹಾಕಿದ್ದಾನೆ. ಆ ಸವಾಲು ತಟ್ಟಬೇಕಾದರೆ ಕೇಳುವವರಿಗೆ ಆ ವೃತ್ತಿಯ ಪರಿಚಯವಿರಲೇಬೇಕಿತ್ತು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’, ರಾಜನ ಬೊಕ್ಕಸದ ವಿಷಯ ಹೇಳುವಲ್ಲಿ ವಜ್ರ, ಮುತ್ತು, ಮಾಣಿಕ್ಯಗಳ ಪರೀಕ್ಷೆಯನ್ನೂ ವಿವರಿಸುತ್ತದೆ. ನಮ್ಮ ರತ್ನಶಾಸ್ತ್ರ ಆರು ಮೂಲೆ, ಎಂಟು ಮುಖ, ಹನ್ನೆರಡು ಅಂಚಿನ ಸ್ವಚ್ಛ ಹರಳನ್ನು ಉತ್ತಮವೆಂದು ಎಣಿಸಿ, ಬಿಂದು, ರೇಖೆ, ಕಾಕಪದ ಎಂದು ದೋಷಗಳಿಗೆ ಹೆಸರಿಟ್ಟಿತು. ಇಂದಿನ ಪ್ರಯೋಗಾಲಯ ಹರಳಿನ ನಕ್ಷೆ ಬಿಡಿಸಿ ಗುರುತು ಹಾಕುವುದೂ ಇಂಥವೇ ಚುಕ್ಕೆ, ಸೀಳುಗಳನ್ನು. 17ನೇ ಶತಮಾನದ ಫ್ರೆಂಚ್ ವಜ್ರವ್ಯಾಪಾರಿ ಟ್ಯಾವರ್ನಿಯರ್, ಬಿಜಾಪುರದಿಂದ ಎಂಟೊಂಬತ್ತು ದಿನಗಳ ದಾರಿಯಲ್ಲಿದ್ದ ರಾವೊಲ್ಕೊಂಡ ಗಣಿಯ ಪೇಟೆಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಅಲ್ಲಿ ವ್ಯಾಪಾರಿಗಳ ಎಳೆಯ ಮಕ್ಕಳು ಬೆಳಿಗ್ಗೆ ಮರದಡಿ ತಕ್ಕಡಿ ಇಟ್ಟುಕೊಂಡು ಕೂಡುತ್ತಿದ್ದರು. ಮಾರಲು ಬಂದ ಹರಳು ಹಿರಿಯ ಹುಡುಗನ ಕೈಗೆ ಹೋಗಿ, ಅಲ್ಲಿಂದ ಒಬ್ಬೊಬ್ಬರ ಕೈ ದಾಟಿ, ಯಾರೂ ತುಟಿ ಪಿಟಕ್ ಎನ್ನದೆ ಮತ್ತೆ ಅವನಿಗೇ ಮರಳುತ್ತಿತ್ತು. ಆಮೇಲೇ ದರದ ಮಾತು. ದುಬಾರಿ ಕೊಟ್ಟು ಕೊಂಡರೆ ನಷ್ಟ ಅವನ ಲೆಕ್ಕಕ್ಕೆ. ದೊಡ್ಡವರು ರಾತ್ರಿ ಗೋಡೆಯ ಗೂಡಿನಲ್ಲಿ ದಪ್ಪ ಬತ್ತಿಯ ದೀಪವಿಟ್ಟು, ಬೆರಳ ನಡುವೆ ಹರಳು ಹಿಡಿದು ಅದರ ನೀರು ನೋಡುತ್ತಿದ್ದರು. ನೀಲಿ ಛಾಯೆಯ ಅನುಮಾನವಿದ್ದರೆ ದಟ್ಟ ಎಲೆಯ ಮರದ ನೆರಳಿಗೆ ಒಯ್ಯುತ್ತಿದ್ದರು. ಅದೇ ಕಸುಬಿನಲ್ಲಿ ಬೆಳೆದವರು ಕೂಡ ಒಂದೇ ಕಣ್ಣನ್ನು, ಒಂದೇ ಬೆಳಕನ್ನು ನಂಬಲಿಲ್ಲ ಎನ್ನುವುದನ್ನು ಗಮನಿಸಬೇಕು.

ಇಂದಿನ ಪರೀಕ್ಷೆಯ ಭಾಷೆಯನ್ನು ರೂಪಿಸಿದ್ದು 1931ರಲ್ಲಿ ಹುಟ್ಟಿದ ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ, ಅಂದರೆ ಜಿಐಎ. 1950ರ ದಶಕದಲ್ಲಿ ಅದು ರೂಢಿಗೆ ತಂದ ಕ್ರಮದಲ್ಲಿ ತೂಕ, ಬಣ್ಣ, ಸ್ವಚ್ಛತೆ, ಕಟ್ ಎಂಬ ನಾಲ್ಕು ಗುಣಗಳಿಗೆ ದರ್ಜೆ ಕೊಡುತ್ತಾರೆ. ತೂಕ ಸರಳ: ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಭಾಗ ಒಂದು ಸೆಂಟ್. (ಒಡವೆಯ ಮೇಲೆ 18 ಕ್ಯಾರೆಟ್ ಎಂದಿದ್ದರೆ ಅದು ಬಂಗಾರದ ಶುದ್ಧತೆ, ಹರಳಿನ ತೂಕವಲ್ಲ.) ಬಣ್ಣಕ್ಕೆ ‘ಡಿ’ಯಿಂದ ‘ಝಡ್’ವರೆಗೆ ಅಕ್ಷರಗಳು, ‘ಡಿ’ ನೀರಿನಷ್ಟು ನಿರ್ವರ್ಣ, ಮುಂದೆ ಹೋದಂತೆ ಹಳದಿ ಏರುತ್ತದೆ. ಸ್ವಚ್ಛತೆಯನ್ನು ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ನೋಡಿ ಹನ್ನೊಂದು ದರ್ಜೆಗಳಲ್ಲಿ ಹೇಳುತ್ತಾರೆ. ಹಳದಿ ಬಂಗಾರದಲ್ಲಿ ಕೂರಿಸುವ ಹರಳಿಗೆ ‘ಡಿ’ ಬಣ್ಣದ ಬೆಲೆ ತೆರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಲೋಹದ ಬಣ್ಣವೇ ಹರಳಿನೊಳಗೆ ಇಳಿಯುತ್ತದೆ, ‘ಜಿ’, ‘ಎಚ್’ ದರ್ಜೆ ಧಾರಾಳವಾಯಿತು. ಬರಿಗಣ್ಣಿಗೆ ಕಾಣದ ಚುಕ್ಕೆ ಲೂಪ್‌ನಲ್ಲಿ ಕಂಡಿತೆಂದು ಚಿಂತಿಸುವ ಕಾರಣವೂ ಇಲ್ಲ.

ರಾಜಿ ಮಾಡಿಕೊಳ್ಳಬಾರದ ಗುಣ ಕಟ್. ನಮ್ಮಲ್ಲಿ ಯಾರೂ ಕೇಳದೆ ಬಿಡುವುದೂ ಅದನ್ನೇ. ವಜ್ರದ ಹೊಳಪು ಗಣಿಯಿಂದ ಬರುವುದಲ್ಲ, ಸಾಣೆ ಹಿಡಿದವರ ಕೈಯಿಂದ ಬರುವುದು. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಮರಳಬೇಕು. ಕೋನ ತಪ್ಪಿದರೆ ಕೆಳಗೆ ಸೋರಿಹೋಗುತ್ತದೆ. ಯಾವ ಕೋನದಲ್ಲಿ ಕಡೆದರೆ ಬೆಳಕು ಹೆಚ್ಚು ಮರಳುತ್ತದೆಂದು 1919ರಲ್ಲೇ ಮಾರ್ಸೆಲ್ ಟಾಲ್ಕೋವ್‌ಸ್ಕಿ ಲೆಕ್ಕ ಹಾಕಿ ತೋರಿಸಿದ್ದ. ಆದರೂ ಕೆಟ್ಟ ಕಟ್‌ನ ಹರಳುಗಳು ಮಾರುಕಟ್ಟೆಗೆ ಬರುತ್ತಲೇ ಇರುವುದಕ್ಕೆ ಕಾರಣ ತೂಕದ ಆಸೆ. 50 ಸೆಂಟ್, ಒಂದು ಕ್ಯಾರೆಟ್ ಎಂಬ ಗಡಿ ದಾಟಿದೊಡನೆ ಕ್ಯಾರೆಟ್ ಲೆಕ್ಕದ ದರ ಜಿಗಿಯುತ್ತದೆ. ಆ ಗಡಿ ಮುಟ್ಟಿಸಲು ಹರಳಿನ ತಳವನ್ನು ಆಳವಾಗಿಯೇ ಉಳಿಸಿಬಿಡುತ್ತಾರೆ. ಇದನ್ನು ಯಾರು ಬೇಕಾದರೂ ಅಳತೆ ಹಿಡಿದು ಪತ್ತೆ ಮಾಡಬಹುದು. ಸರಿಯಾಗಿ ಕಡೆದ ಒಂದು ಕ್ಯಾರೆಟ್‌ನ ದುಂಡು ಹರಳಿನ ಅಡ್ಡಳತೆ ಸುಮಾರು 6.5 ಮಿಲಿಮೀಟರ್, 50 ಸೆಂಟ್‌ನದು 5.1, ಹತ್ತು ಸೆಂಟ್‌ನದು 3. ತೂಕ ಅಷ್ಟೇ ಇದ್ದು ಅಡ್ಡಳತೆ ಎದ್ದು ಕಾಣುವಷ್ಟು ಕಡಿಮೆಯಿದ್ದರೆ, ಹಣ ಕೊಟ್ಟ ತೂಕ ಹೊಟ್ಟೆಯೊಳಗೆ ಅಡಗಿದೆ ಎಂದು ಅರ್ಥ. ಮಂಕಾದ 50 ಸೆಂಟ್‌ಗಿಂತ ಚೆನ್ನಾಗಿ ಕಡೆದ 45 ಸೆಂಟ್ ಲೇಸು. ಕಟ್ ತಿಳಿಯಲು ಅಂಗಡಿಯ ಸ್ಪಾಟ್‌ಲೈಟ್ ಸಾಲದು, ಅದರ ಕೆಳಗೆ ಗಾಜೂ ಮಿಂಚುತ್ತದೆ. ಬಾಗಿಲಿಗೆ ಬಂದು ಬಿಸಿಲಲ್ಲೂ ನೆರಳಲ್ಲೂ ನೋಡಬೇಕು.

ಇಲ್ಲಿಯವರೆಗಿನದನ್ನು ಅನುಭವಿ ಕಣ್ಣು ಬಹುಮಟ್ಟಿಗೆ ಹಿಡಿಯಬಲ್ಲದು. ಆದರೆ ಇಂದು ಕಣ್ಣು ಸೋಲುವ ಜಾಗವೊಂದು ಹುಟ್ಟಿಕೊಂಡಿದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1954ರ ಕೊನೆಯಲ್ಲಿ ಭಾರಿ ಒತ್ತಡ, ಶಾಖದಲ್ಲಿ ವಜ್ರ ತಯಾರಿಸಿತು. ಈಗ ಅನಿಲದಿಂದಲೂ ಪದರ ಪದರವಾಗಿ ವಜ್ರ ಬೆಳೆಸುತ್ತಾರೆ. 2023ರಲ್ಲಿ ಪ್ರಧಾನಿ ನರೇಂದ್ರ ಮೋದಿ ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರೆಟ್‌ನ ಹಸಿರು ಹರಳು ಅಂಥದೇ. ಇದು ಅಮೆರಿಕನ್ ಡೈಮಂಡ್ ಎಂಬ ಜಿರ್ಕೋನಿಯಾದ ಹಾಗೆ ನಕಲಿಯಲ್ಲ. ಅದೇ ಇಂಗಾಲ, ಅದೇ ಗಡಸು, ಅದೇ ಹೊಳಪು. ಅಂಗಡಿಯ ಟೆಸ್ಟರ್ ಪೆನ್ ಹರಳು ಶಾಖವನ್ನು ಎಷ್ಟು ಬೇಗ ಹರಿಸುತ್ತದೆ ಎಂಬುದನ್ನಷ್ಟೇ ನೋಡುವುದರಿಂದ ಪ್ರಯೋಗಾಲಯದ ವಜ್ರಕ್ಕೂ ವಜ್ರವೆಂದೇ ಹೇಳುತ್ತದೆ. ಶಾಖವನ್ನಷ್ಟೇ ಅಳೆಯುವ ಪೆನ್ನು ಮೊಯ್ಸನೈಟ್ ಎಂಬ ಬೇರೆಯೇ ಹರಳಿಗೂ ಏಮಾರುತ್ತದೆ. ಗಣಿಯ ವಜ್ರಗಳಲ್ಲಿ ಬಹುಪಾಲಿನೊಳಗೆ ಕೋಟ್ಯಂತರ ವರ್ಷಗಳಲ್ಲಿ ಗುಂಪುಗೂಡಿದ ಸಾರಜನಕದ ಗುರುತಿರುತ್ತದೆ. ಅದನ್ನೂ ಹರಳು ಬೆಳೆದ ಬಗೆಯನ್ನೂ ಓದಬಲ್ಲ ಯಂತ್ರಗಳಿರುವುದು ಪ್ರಯೋಗಾಲಯಗಳಲ್ಲಿ. ಬೆಲೆಯಲ್ಲಂತೂ ಅಜಗಜಾಂತರ. ಪ್ರಯೋಗಾಲಯದ ವಜ್ರ ಕೊಳ್ಳುವುದು ತಪ್ಪೇನಲ್ಲ. ಅದನ್ನು ಗಣಿಯ ವಜ್ರದ ಬೆಲೆಗೆ ಕೊಳ್ಳುವುದು ತಪ್ಪು.

‘ತಲೆಮಾರುಗಳಿಂದ ನಮ್ಮ ಮನೆಯ ಒಡವೆ ಮಾಡಿದ ಪತ್ತಾರರಿದ್ದಾರೆ, ಅವರ ಮಾತಿಗಿಂತ ಪ್ರಯೋಗಾಲಯದ ಕಾಗದ ದೊಡ್ಡದೇ’ ಎಂಬ ಆಕ್ಷೇಪಣೆ ಹಗುರಾದುದಲ್ಲ. ಸಣ್ಣ ಊರಿನ ವ್ಯಾಪಾರ ನಿಂತಿರುವುದೇ ಆ ನಂಬಿಗೆಯ ಮೇಲೆ. ಆದರೆ ಪ್ರಶ್ನೆ ಪತ್ತಾರರ ಪ್ರಾಮಾಣಿಕತೆಯದಲ್ಲ. ಹರಳು ಅವರ ಕೈಗೆ ಬರುವಷ್ಟರಲ್ಲಿ ನಾಲ್ಕಾರು ಕೈ ದಾಟಿರುತ್ತದೆ. ಅವರಿಗೇ ಯಾರೋ ಬೆರಕೆ ಕೊಟ್ಟಿದ್ದರೆ ಯಂತ್ರವಿಲ್ಲದೆ ಅವರಿಗೂ ತಿಳಿಯದು. ವ್ಯವಹಾರದಲ್ಲಿ ಲಾಭವಿರುವವರೇ ಅಳೆಯಬಾರದು ಎಂಬ ತತ್ವ ಇಲ್ಲಿನ ಕಬ್ಬು ಬೆಳೆಗಾರರಿಗೆ ಹೊಸದಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅದೂ ಶೇ 10.25ರ ಸಕ್ಕರೆ ಇಳುವರಿಗೆ. ಕಬ್ಬು ಕೊಳ್ಳುವ ಕಾರ್ಖಾನೆಯೇ ಇಳುವರಿಯನ್ನೂ ಅಳೆದರೆ ಹೇಗೆ ಎಂಬುದು ರೈತರ ಹಳೆಯ ತಕರಾರು. ಆ ತಕರಾರು ನ್ಯಾಯವಾದರೆ, ಮಾರುವವರೇ ದರ್ಜೆ ಹೇಳುವ ವಜ್ರಕ್ಕೂ ಅದೇ ನ್ಯಾಯ ಸಲ್ಲಬೇಕು.

ಪ್ರಯೋಗಾಲಯ ಕೊಡುವ ವರದಿಯೂ ಮನುಷ್ಯರ ಅಭಿಪ್ರಾಯವೇ ಅಲ್ಲವೇ ಎಂದು ಕೇಳಬಹುದು. ನಿಜ. ಬಣ್ಣ, ಸ್ವಚ್ಛತೆಯಲ್ಲಿ ಒಂದು ಪ್ರಯೋಗಾಲಯಕ್ಕೂ ಇನ್ನೊಂದಕ್ಕೂ ಒಂದು ಮೆಟ್ಟಿಲಿನ ವ್ಯತ್ಯಾಸ ಬರುವುದುಂಟು. ಆದರೆ ಅದು ಹರಳಿನ ಮಾರಾಟದಲ್ಲಿ ಲಾಭವಿಲ್ಲದವರ ಅಭಿಪ್ರಾಯ. ಕಟ್ಟು ಬಿಡಿಸಿದ ಹರಳಿನ ಅಡ್ಡಳತೆ, ತೂಕಗಳಲ್ಲಂತೂ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಖರ್ಚಿನ ಆಕ್ಷೇಪಣೆಗೆ ಹೆಚ್ಚು ಹುರುಳಿದೆ. ಮೂರು ನಾಲ್ಕು ಸೆಂಟ್‌ನ ಮೂಗುಬೊಟ್ಟಿನ ಹರಳಿಗೆ ಪ್ರತ್ಯೇಕ ವರದಿ ಮಾಡಿಸುವುದು ದುಂದು. ಏಳು ಹರಳಿನ ಓಲೆಯಂಥದಕ್ಕೆ ಇಡೀ ಒಡವೆಗೆ ಒಂದೇ ವರದಿ ಸಿಗುತ್ತದೆ, ಅಷ್ಟು ಸಾಕು. 30 ಸೆಂಟ್ ದಾಟಿದ ಒಂಟಿ ಹರಳಿಗೆ ಮಾತ್ರ ವರದಿ ಬಿಡಬಾರದು. ಜಿಐಎ, ಐಜಿಐ ಸಂಸ್ಥೆಗಳ ಪ್ರಯೋಗಾಲಯಗಳು ಮುಂಬೈಯಲ್ಲೇ ಇವೆ. ವರದಿಯ ಸಂಖ್ಯೆಯನ್ನು ಹರಳಿನ ನಡುಪಟ್ಟಿಯ ಮೇಲೆ ಲೇಸರ್‌ನಲ್ಲಿ ಕೊರೆದಿದ್ದರೆ ಅದನ್ನು ಲೂಪ್‌ನಲ್ಲಿ ತೋರಿಸಲು ಹೇಳಿ, ಸಂಸ್ಥೆಯ ಜಾಲತಾಣದಲ್ಲಿ ತಾಳೆ ನೋಡಿ. ಅಜ್ಜಿಯ ಕಾಲದ, ಹಿಂಬದಿ ಮುಚ್ಚಿ ಕಟ್ಟಿದ ಓಲೆಯ ಹರಳುಗಳ ಬಣ್ಣವನ್ನು ಕಟ್ಟು ಬಿಡಿಸದೆ ಖಚಿತವಾಗಿ ಹೇಳಲಾಗದು ಎಂಬುದೂ ನೆನಪಿರಲಿ.

ಇನ್ನು ಹಾಲ್‌ಮಾರ್ಕ್ ಇದೆಯಲ್ಲ ಎಂಬ ಸಮಾಧಾನ. 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಬಂಗಾರದ ಶುದ್ಧತೆಗೆ ಮಾತ್ರ ಸಾಕ್ಷಿ. ಅದರ ಮೇಲೆ ಕೂತ ಹರಳಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಬಿಲ್‌ನಲ್ಲಿ ಹರಳಿನ ತೂಕ ಕಳೆದ ಬಂಗಾರದ ತೂಕ ಬೇರೆ, ಹರಳಿನ ಕ್ಯಾರೆಟ್ ತೂಕ ಬೇರೆ ನಮೂದಾಗಲಿ. ಬಣ್ಣ, ಸ್ವಚ್ಛತೆ, ಕಟ್‌ಗಳ ದರ್ಜೆ, ಗಣಿಯದೋ ಪ್ರಯೋಗಾಲಯದ್ದೋ ಎಂಬ ಮಾತು, ವರದಿಯ ಸಂಖ್ಯೆ, ಮರಳಿ ಕೊಟ್ಟರೆ ಅಂಗಡಿ ಎಷ್ಟು ಕಡಿತ ಮಾಡುತ್ತದೆಂಬ ಷರತ್ತು ಎಲ್ಲವೂ ಬರವಣಿಗೆಯಲ್ಲಿರಲಿ. ಬಂಗಾರದಂತೆ ವಜ್ರವೂ ಕಷ್ಟಕಾಲಕ್ಕೆ ಆಗುತ್ತದೆಂದು ನಂಬಿ ಕೊಳ್ಳುವವರಿಗೆ ಕೊನೆಯ ಷರತ್ತೇ ಎಲ್ಲಕ್ಕಿಂತ ಮುಖ್ಯ. ಇವಿಷ್ಟನ್ನು ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ವಜ್ರ ಕೊಳ್ಳಬೇಡಿ.