ಊರನ್ನೇ ಪಠ್ಯವಾಗಿಸಿಕೊಂಡ ಪದವಿ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಹೆಸರುಗಳು ಮೂರೋ ನಾಲ್ಕೋ. ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ., ಬಹಳವಾದರೆ ಕಂಪ್ಯೂಟರ್. ನಗರ ಯೋಜನೆಯನ್ನೂ ಪದವಿಯಾಗಿ ಓದಬಹುದು ಎಂದರೆ, "ಅದೇನು ಫಾದರ್, ಮುನಿಸಿಪಾಲಿಟಿ ಕೆಲಸವೇ?" ಎನ್ನುವವರೇ ಹೆಚ್ಚು. ಪ್ರಶ್ನೆ ತೀರಾ ತಪ್ಪೇನಲ್ಲ. ಬ್ಯಾಚಲರ್ ಆಫ್ ಪ್ಲಾನಿಂಗ್, ಚಿಕ್ಕದಾಗಿ ಬಿ.ಪ್ಲಾನ್, ಎಂಬ ನಾಲ್ಕು ವರ್ಷದ ಪದವಿ ನಮ್ಮ ದೇಶದಲ್ಲಿದೆ. ಅದನ್ನು ಓದಿದವರು ಊರು ಎತ್ತ ಬೆಳೆಯಬೇಕು, ರಸ್ತೆ ಎಲ್ಲಿ ಹಾಯಬೇಕು, ಕೆರೆ ಎಲ್ಲಿ ಉಳಿಯಬೇಕು, ಬಡವರ ಮನೆ ಎಲ್ಲಿರಬೇಕು ಎಂಬುದನ್ನು ಯೋಚಿಸುವವರು.

ಇದು ನಮಗೆ ಸಂಬಂಧಿಸಿದ್ದೇ ಎಂದು ಕೇಳುವವರು ಹೊಸೂರನ್ನು ನೋಡಿದರೆ ಸಾಕು. 1970ರ ದಶಕದಲ್ಲಿ ಅಲ್ಲಿಗೆ ಸಿಪ್‌ಕಾಟ್ ಕೈಗಾರಿಕಾ ವಲಯ ಬಂತು, ಅದರ ಬೆನ್ನಿಗೆ ದೊಡ್ಡ ಕಾರ್ಖಾನೆಗಳು ಬಂದವು. 2011ರ ಜನಗಣತಿಯಲ್ಲಿ ಲಕ್ಷ ದಾಟಿದ್ದ ಊರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ರಾಗಿ ಹೊಲಗಳು ಸೈಟುಗಳಾದವು. ಹೊಲ ಮಾರಿದವರ ಮಕ್ಕಳು ಅದೇ ಜಾಗದಲ್ಲಿ ಬಾಡಿಗೆಗೆ ಇರುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ.

ಹೊಸೂರಿನಷ್ಟು ದೊಡ್ಡದಾಗದ ಊರುಗಳ ಕಥೆ ಇನ್ನೊಂದು ಬಗೆಯದು. ಐದು ಸಾವಿರ ಜನರಿದ್ದು, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿದ್ದು, ಚದರ ಕಿಲೋಮೀಟರಿಗೆ 400 ಜನರಿದ್ದರೆ ಜನಗಣತಿಯವರು ಅದನ್ನು ಪಟ್ಟಣವೆಂದೇ ಎಣಿಸುತ್ತಾರೆ. ಆಡಳಿತ ಮಾತ್ರ ಗ್ರಾಮ ಪಂಚಾಯತಿಯದೇ. ದೇಶದಲ್ಲಿ ಇಂಥ ಊರುಗಳು 2001ರಲ್ಲಿ 1,362 ಇದ್ದವು, 2011ರಲ್ಲಿ 3,894 ಆದವು. ಪಟ್ಟಣದ ಜನಸಂದಣಿ, ಹಳ್ಳಿಯ ಚರಂಡಿ! ಇಂಥ ಊರುಗಳು ಕಾಸರಗೋಡಿನ ಕಡೆ ರಸ್ತೆಯುದ್ದಕ್ಕೂ ಒಂದಕ್ಕೊಂದು ಅಂಟಿಕೊಂಡಂತೆ ಸಿಗುತ್ತವೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಾಡಳಿತಗಳಿಗೆ ವಹಿಸಬಹುದಾದ ಹದಿನೆಂಟು ಕೆಲಸಗಳನ್ನು ಪಟ್ಟಿ ಮಾಡಿತು. ಆ ಪಟ್ಟಿಯ ಮೊದಲನೆಯದೇ ನಗರ ಯೋಜನೆ. ಆದರೆ ಮಾಡುವವರು ಯಾರು? ನೀತಿ ಆಯೋಗ 2021ರಲ್ಲಿ ಹೊರತಂದ ವರದಿಯ ಪ್ರಕಾರ ದೇಶಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು ನಗರ ಯೋಜಕರ ಹುದ್ದೆಗಳು ಬೇಕು. ಆಗ ಮಂಜೂರಾಗಿದ್ದದ್ದು ನಾಲ್ಕು ಸಾವಿರಕ್ಕಿಂತ ಕಡಿಮೆ, ಅದರಲ್ಲೂ ಸುಮಾರು ಅರ್ಧ ಖಾಲಿ. ನಮ್ಮ 7,933 ನಗರ-ಪಟ್ಟಣಗಳಲ್ಲಿ ನೂರಕ್ಕೆ 65ರಷ್ಟಕ್ಕೆ ಮಹಾಯೋಜನೆಯೇ ಇರಲಿಲ್ಲ.

ಈ ಓದಿನಲ್ಲಿ ಏನೇನು ಕಲಿಸುತ್ತಾರೆ? ನಕ್ಷೆ ಬಿಡಿಸುವುದು, ಕಂಪ್ಯೂಟರಿನಲ್ಲಿ ಭೂನಕ್ಷೆ ತಯಾರಿಸುವುದು, ಅಂಕಿಅಂಶ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಭೂ ಕಾನೂನು, ಸಾರಿಗೆ, ವಸತಿ, ನೀರು-ಚರಂಡಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಸ್ಟುಡಿಯೋ ಎಂದು ಕರೆಯುವ ಪ್ರಾಯೋಗಿಕ ಕೆಲಸ. ವಿದ್ಯಾರ್ಥಿಗಳು ಒಂದು ಬಡಾವಣೆಗೆ ಹೋಗಿ ಮನೆ ಮನೆ ಅಲೆಯಬೇಕು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಬಸ್ಸಿಗೆ ಎಷ್ಟು ದೂರ ನಡೆಯಬೇಕು, ಮಳೆ ನೀರು ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಬೇಕು. ಮುಂದಿನ ವರ್ಷಗಳಲ್ಲಿ ಬಡಾವಣೆಯಿಂದ ಇಡೀ ಪಟ್ಟಣಕ್ಕೆ, ಪಟ್ಟಣದಿಂದ ಸುತ್ತಲಿನ ಪ್ರದೇಶಕ್ಕೆ ಕೆಲಸ ಹಿಗ್ಗುತ್ತದೆ. ಕೂತು ಓದುವ ಮಕ್ಕಳಿಗಿಂತ ಅಲೆಯುವ, ಮಾತಾಡಿಸುವ ಮಕ್ಕಳಿಗೆ ಇದು ಚೆನ್ನಾಗಿ ಒಗ್ಗುತ್ತದೆಂದು ನನ್ನ ಎಣಿಕೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳೋ ಮಲಯಾಳವೋ ತೆಲುಗೋ ಮರಾಠಿಯೋ ಆಡಿ ಬೆಳೆದ ಗಡಿನಾಡ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಬಾಗಿಲಲ್ಲಿ ನಿಂತ ಅಜ್ಜಿಯನ್ನು ಅವಳ ಮಾತಿನಲ್ಲೇ ಕೇಳಬಲ್ಲರು.

ಪವಿತ್ರ ಬೈಬಲ್ ಬಲ್ಲವರಿಗೆ ಇಂಥ ಸರ್ವೇ ಹೊಸದಲ್ಲ. ನೆಹೆಮೀಯನು ಜೆರುಸಲೇಮಿಗೆ ಬಂದು ಮೂರು ದಿನ ಸುಮ್ಮನಿದ್ದ. ಆಮೇಲೆ ಯಾರಿಗೂ ಹೇಳದೆ, ಕೆಲವೇ ಜನರೊಡನೆ ರಾತ್ರಿ ಹೊರಟು, ಬಿದ್ದ ಗೋಡೆಗಳನ್ನೂ ಸುಟ್ಟ ಬಾಗಿಲುಗಳನ್ನೂ ಕಣ್ಣಾರೆ ನೋಡಿದ. ಒಂದು ಕಡೆ ಸವಾರಿಯ ಪ್ರಾಣಿಗೂ ದಾಟಲು ಜಾಗವಿರಲಿಲ್ಲವಂತೆ. ಜನರ ಮುಂದೆ ಮಾತಾಡಿದ್ದು ಅದಾದ ಮೇಲೆ. ಮೂರನೆಯ ಅಧ್ಯಾಯವನ್ನು ನಾವು ಬರೀ ಹೆಸರಿನ ಪಟ್ಟಿ ಎಂದು ದಾಟಿಬಿಡುತ್ತೇವೆ. ಅಕ್ಕಸಾಲಿಗರು, ಸುಗಂಧ ದ್ರವ್ಯ ಮಾಡುವವರು, ಶಲ್ಲೂಮನೂ ಅವನ ಹೆಣ್ಣುಮಕ್ಕಳೂ ಗೋಡೆ ಕಟ್ಟಿದ್ದು ಅಲ್ಲೇ ಇದೆ. ಹಲವರಿಗೆ ಸಿಕ್ಕಿದ್ದು ತಮ್ಮ ಮನೆಯ ಎದುರಿನ ಭಾಗವೇ.

ಭಾರತದಲ್ಲಿ ಈ ವಿದ್ಯೆಗೆ ಒಂದು ಸ್ವಾರಸ್ಯದ ಆರಂಭವಿದೆ. ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ಜೀವವಿಜ್ಞಾನಿ 1914ರಲ್ಲಿ ಮದ್ರಾಸಿಗೆ ಬಂದರು. ಅವರ ನಗರ ಪ್ರದರ್ಶನದ ಸಾಮಗ್ರಿ ತರುತ್ತಿದ್ದ ಹಡಗನ್ನು ಜರ್ಮನಿಯ ಎಮ್ಡೆನ್ ಮುಳುಗಿಸಿಬಿಟ್ಟಿತು. ಅವರು ಎದೆಗುಂದಲಿಲ್ಲ, ಬೇರೆ ಸಾಮಗ್ರಿ ತರಿಸಿ ಪ್ರದರ್ಶನ ನಡೆಸಿದರು. ಆ ಕಾಲದ ಅಧಿಕಾರಿಗಳಿಗೆ ಪಟ್ಟಣ ಸುಧಾರಣೆ ಎಂದರೆ ಹಳೆಯ ಕೇರಿಯನ್ನು ಕೆಡವಿ ನೇರ ರಸ್ತೆ ಹಾಕುವುದು. ಗೆಡ್ಡಿಸ್ ಅದನ್ನು ಒಪ್ಪದೆ, ಆದಷ್ಟು ಕಡಿಮೆ ಮನೆ ಕೆಡವಿ, ಹಳೆಯ ಬಾವಿ-ಕೆರೆ-ಮರಗಳನ್ನು ಉಳಿಸಿ ಸುಧಾರಿಸಬೇಕೆಂದು ವಾದಿಸಿದರು. ಇಂದೋರಿನಲ್ಲಿ ಪ್ಲೇಗಿನ ಭಯವಿದ್ದಾಗ ಅವರು ಮಾಡಿದ್ದು ಇನ್ನೂ ಚೆಂದ. ದೀಪಾವಳಿಯ ಮೆರವಣಿಗೆ ಹೆಚ್ಚು ಮನೆಗಳು ಶುಚಿಯಾಗಿ ದುರಸ್ತಿಯಾದ ಬೀದಿಗಳಲ್ಲೇ ಹೋಗುತ್ತದೆಂದು ಸಾರಿಸಿದರು. ಬೀದಿ ಬೀದಿಗೆ ಪೈಪೋಟಿ! ಗಾಡಿಗಟ್ಟಲೆ ಕಸ ಹೊರಬಂತು. ಮೆರವಣಿಗೆಯಲ್ಲಿ ಪೌರಕಾರ್ಮಿಕರು ಬಿಳಿ ಬಟ್ಟೆ ಉಟ್ಟು ಹಾರ ಹಾಕಿಕೊಂಡು ನಡೆದರು. ಪ್ಲೇಗಿನ ಇಲಿಯ ಬೊಂಬೆಯನ್ನು ಕೊನೆಗೆ ಸುಟ್ಟರು.

ಜಗದ್ಗುರು ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ವಸತಿ, ಸಾರಿಗೆ, ಸಾರ್ವಜನಿಕ ಸ್ಥಳಗಳ ಬಗ್ಗೆ ಹಲವು ಪರಿಚ್ಛೇದಗಳನ್ನೇ ಬರೆದರು. ಒಂದು ಪ್ರದೇಶದ ಯೋಜನೆ ಮಾಡುವಾಗ ಅಲ್ಲಿ ವಾಸಿಸುವವರ ಅಭಿಪ್ರಾಯ ಕೇಳಬೇಕೆಂಬುದೂ ಅಲ್ಲಿದೆ. ಕಾನೂನೂ ಅದನ್ನೇ ಹೇಳುತ್ತದೆ. ಕರಡು ಯೋಜನೆ ಪ್ರಕಟವಾದಾಗ ಆಕ್ಷೇಪಣೆಗೆ ಅವಧಿ ಇರುತ್ತದೆ. ಆದರೆ ಪ್ರಕಟಣೆ ಓದಿ, ನಕ್ಷೆಯಲ್ಲಿ ತಮ್ಮ ಕಾಲನಿಯ ಮೇಲೆ ಬಿದ್ದ ಗೆರೆ ರಸ್ತೆಯದ್ದೆಂದು ಗುರುತಿಸಬಲ್ಲವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ? ಗುರುತಿಸುವ ಹೊತ್ತಿಗೆ ಜೆಸಿಬಿ ಬಂದಿರುತ್ತದೆ.

ಇನ್ನು ಪ್ರವೇಶದ ವಿಚಾರ. ಹೆಸರಾಂತವು ದೆಹಲಿ, ಭೋಪಾಲ್ ಮತ್ತು ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಸಂಸ್ಥೆಗಳು. ಕೊನೆಯ ಎರಡು 2008ರಲ್ಲಿ ಶುರುವಾದವು. ಆದೋನಿ, ರಾಯದುರ್ಗದ ಮಕ್ಕಳಿಗೆ ವಿಜಯವಾಡ ತಮ್ಮ ರಾಜ್ಯದಲ್ಲೇ ಇದೆ. ಇವಕ್ಕೆ ಜೆಇಇ ಮೇನ್ ಪರೀಕ್ಷೆಯ ಯೋಜನಾ ಪತ್ರಿಕೆ ಬರೆಯಬೇಕು. ಅದರಲ್ಲಿ ಗಣಿತ, ಸಾಮಾನ್ಯ ಯೋಗ್ಯತೆ ಮತ್ತು ಯೋಜನೆಗೆ ಸಂಬಂಧಿಸಿದ ಪ್ರಶ್ನೆಗಳಿರುತ್ತವೆ. ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ನಡೆಯುತ್ತಿದೆ.

ಪೋಷಕರಿಗೆ ಒಂದು ಮಾತನ್ನು ಮುಚ್ಚಿಡಬಾರದು. ಹುದ್ದೆ ಖಾಲಿ ಇದೆ ಎಂದ ಮಾತ್ರಕ್ಕೆ ಸರ್ಕಾರ ತುಂಬುತ್ತದೆ ಎಂದಲ್ಲ. ಹಲವು ರಾಜ್ಯಗಳಲ್ಲಿ ನಗರ ಯೋಜಕನ ಹುದ್ದೆಗೆ ಈ ಪದವಿ ಕಡ್ಡಾಯವೇ ಅಲ್ಲವೆಂದು ಅದೇ ನೀತಿ ಆಯೋಗದ ವರದಿ ದೂರಿತ್ತು. ಅನೇಕರು ಮೊದಲು ಖಾಸಗಿ ಸಲಹಾ ಸಂಸ್ಥೆಗಳಲ್ಲಿ ದುಡಿಯುತ್ತಾರೆ, ಇಲ್ಲವೇ ಸಾರಿಗೆ, ಪರಿಸರ, ವಸತಿ ಇಂಥ ಒಂದು ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಹೋಗುತ್ತಾರೆ. ಸಾಲ ಮಾಡಿ ಓದಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಇನ್ನೊಂದು ವಿಷಯ ಈಗ ಹತ್ತನೆಯ ತರಗತಿಯಲ್ಲಿರುವ ಮಕ್ಕಳಿಗೆ. ಬಿ.ಪ್ಲಾನ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯವಲ್ಲ, ಆದರೆ ಹನ್ನೆರಡರಲ್ಲಿ ಗಣಿತ ಇರಲೇಬೇಕು. ವಾಣಿಜ್ಯ ವಿಭಾಗದಲ್ಲಿ ಗಣಿತ ತೆಗೆದುಕೊಂಡವರೂ ಅರ್ಜಿ ಹಾಕಬಹುದು. ಆದ್ದರಿಂದ ಮುಂದಿನ ಜೂನ್‌ನಲ್ಲಿ ಹನ್ನೊಂದನೆಯ ತರಗತಿಯ ಅರ್ಜಿ ತುಂಬುವಾಗ, ಕಷ್ಟವೆಂದು ಗಣಿತವನ್ನು ಹೊಡೆದು ಹಾಕುವ ಮುನ್ನ ಒಮ್ಮೆ ನಿಮ್ಮ ಗಣಿತದ ಮೇಷ್ಟ್ರನ್ನು ಕಂಡು ಬನ್ನಿ.