ದೇಶ ನೋಡಹೊರಟವರು ಮಕ್ಕಳ ಊರನ್ನೂ ನೋಡಿ



ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾಗಿ, ಗೊಬ್ಬರ, ಸುಣ್ಣ, ಮೈಲುತುತ್ತದ ದಾಸ್ತಾನಿನ ಚರ್ಚೆ ಮುಗಿದು, ಊಟದ ಪಂಕ್ತಿಗೆ ಏಳುವ ಮುನ್ನ ಒಂದು ವಿಷಯ ತಪ್ಪದೆ ಬರುತ್ತದೆ. ಅದು ಪ್ರವಾಸದ ವಿಷಯ. "ಈ ಸಲ ಎಲ್ಲಿಗೆ, ಕಾರ್ಯದರ್ಶಿಗಳೇ?" ಎಂದು ಹಿಂದಿನ ಸಾಲಿನಿಂದ ಒಂದು ಧ್ವನಿ ಏಳುತ್ತದೆ. ಕೂಡಲೇ ಕಾಶಿ, ರಾಮೇಶ್ವರ, ಆಗ್ರಾ, ಕಾಶ್ಮೀರ ಎಂದು ಪಟ್ಟಿ ಬೆಳೆಯುತ್ತದೆ. ಭಾರತದಲ್ಲಿ ಹುಟ್ಟಿದವರು ಒಮ್ಮೆಯಾದರೂ ನೋಡಲೇಬೇಕಾದ ಸ್ಥಳಗಳು ಇವು ಎಂಬುದರಲ್ಲಿ ನನಗೂ ಅನುಮಾನವಿಲ್ಲ.

ಈ ವರ್ಷದ ಸಭೆಯಲ್ಲಿ ನಾನು ಆ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿದೆ: ದಕ್ಷಿಣ ಬೆಂಗಳೂರು. ಸಭೆ ನಕ್ಕಿತು. ಹಿರಿಯ ಸದಸ್ಯರೊಬ್ಬರು ಎದ್ದು, "ಅಲ್ಲಿ ನೋಡೋಕೆ ಎಂತ ಇದೆ ಮಾರಾಯ್ರೇ? ಮಗನ ಮನೆಯ ನಾಲ್ಕು ಗೋಡೆ. ಹದಿನೈದು ದಿನ ನೋಡಿ ಬಂದಿದ್ದೀನಿ" ಎಂದರು. ಅವರಿಗೆ ಚಪ್ಪಾಳೆಯೂ ಬಿತ್ತು. ಊಟಕ್ಕೆ ಹೊತ್ತಾಗಿದ್ದರಿಂದ ನಾನು ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಗೋಡೆ ನೋಡಿದ ದಿನಗಳು

ಆ ಹಿರಿಯರ ಅನುಭವ ನನ್ನದೂ ಹೌದು. 2025ರ ಜುಲೈ ಕೊನೆಯಲ್ಲಿ ನನ್ನ ಮನೆಯವರಿಗೆ ಮಂಡಿ ಶಸ್ತ್ರಚಿಕಿತ್ಸೆಯಾಗಿ, ಜೆ.ಪಿ. ನಗರದ ಮಗಳ ಮನೆಯಲ್ಲಿ ಮೂರು ವಾರ ಇರಬೇಕಾಯಿತು. ಅಡಿಕೆಗೆ ಎರಡನೇ ಸಲದ ಬೋರ್ಡೋ ಸಿಂಪಡಣೆ ಮುಗಿಸಿಯೇ ಹೊರಟಿದ್ದೆ. ಆದರೂ ಮನಸ್ಸು ತೋಟದಲ್ಲಿತ್ತು. ಮಗಳು, ಅಳಿಯ ಕೆಲಸಕ್ಕೆ ಹೋಗುತ್ತಿದ್ದರು. ಮನೆಯವರು ನೋವಿನ ಮಾತ್ರೆ ನುಂಗಿ ಮಲಗುತ್ತಿದ್ದರು. ನಾನು ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುಳಿತು ರೈಟರಿಗೆ ಫೋನ್ ಮಾಡಿ ಎಷ್ಟು ಮಳೆ ಬಿತ್ತೆಂದು ಕೇಳುತ್ತಿದ್ದೆ.

ಐದನೆಯ ದಿನ ರಾತ್ರಿ ಊಟದ ಹೊತ್ತಿಗೆ, "ಈ ಊರಲ್ಲಿ ಮನುಷ್ಯರು ಹೇಗಿರ್ತಾರೋ" ಎಂದುಬಿಟ್ಟೆ. ಮಗಳು ತಟ್ಟೆ ಸರಿಸಿ, "ಅಪ್ಪಯ್ಯ, ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಯಾವಾಗ ವಾಪಸ್ ಬರ್ತೀಯ ಅಂತ ನೀವು ನೂರು ಸಲ ಕೇಳಿದ್ದೀರಿ. ನಾನಿರೋ ಊರು ಹೇಗಿದೆ ಅಂತ ಒಂದು ಸಲವೂ ಕೇಳಿಲ್ಲ" ಎಂದಳು. ಅವಳಮ್ಮ ಒಳಗಿನಿಂದ, "ಅವಳು ಹೇಳೋದು ಸರಿ ಇದೆ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಕೊಡೆ ಹಿಡಿದು ಹೊರಟೆ. ಮಗಳು ಕೆಲಸಕ್ಕೆ ಹೊರಡುವ ಒಂಬತ್ತೂವರೆಯೊಳಗೆ ಹಿಂದಿರುಗಬೇಕೆಂಬುದು ಕರಾರು. ಹೀಗೆ ದಿನಕ್ಕೊಂದರಂತೆ ನೋಡಿದ ಸ್ಥಳಗಳ ವಿವರ ಮುಂದಿದೆ.

ಲಾಲ್‌ಬಾಗಿನ ಬಂಡೆ

ಲಾಲ್‌ಬಾಗನ್ನು ನಮ್ಮಲ್ಲಿ ಬಹುಮಂದಿ ನೋಡಿದ್ದಾರೆ. ಅಂದರೆ ಗಾಜಿನ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಈಗ 240 ಎಕರೆ. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆ ನೋಡತಕ್ಕದ್ದೇ. ಆದರೆ ಬೆಳೆಗಾರರು ಮೊದಲು ಹತ್ತಬೇಕಾದದ್ದು ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಫಲಕ ಹಾಕಿದ್ದಾರೆ. ಈ ಜಾತಿಯ ಕಲ್ಲೇ ಮೈಸೂರು ಪ್ರಸ್ಥಭೂಮಿಯ ಬಹುಭಾಗಕ್ಕೆ ತಳಪಾಯ. ಕಾಫಿ ಈ ದೇಶದಲ್ಲಿ ಮೊದಲು ಬೇರೂರಿತೆಂದು ನಾವು ಹೇಳಿಕೊಳ್ಳುವ ಬಾಬಾಬುಡನ್ ಗಿರಿಯ ಕಬ್ಬಿಣದ ಅದಿರಿನ ಪದರಗಳೂ ಇಂಥ ಕಲ್ಲಿನ ಮೇಲೆಯೇ ಕುಳಿತಿವೆ. ನನ್ನ ತೋಟದ ಬುಡಕ್ಕೂ ಮಗಳ ಮನೆಯ ಬುಡಕ್ಕೂ ಇರುವ ನೆಂಟಸ್ತನ ನನಗೆ ಆ ಬೆಳಿಗ್ಗೆ ತಿಳಿಯಿತು.

ಬಂಡೆ ಇಳಿದು ಬಿಳಿ ಬೂರುಗದ ಮರವನ್ನು ನೋಡಿ. ಇನ್ನೂರು ವರ್ಷ ದಾಟಿದೆ ಎನ್ನುತ್ತಾರೆ. ಅದರ ಬೇರುಗಳು ಗೋಡೆಗಳಂತೆ ಎದ್ದು ನಿಂತಿವೆ. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗೆಲ್ ಅವರು, ವರ್ಷದ ಯಾವ ಕಾಲದಲ್ಲಿಯೂ ಒಂದಲ್ಲ ಒಂದು ಜಾತಿ ಹೂ ಬಿಡುವಂತೆ ಊರಿನ ರಸ್ತೆಗಳಿಗೆ ಸಾಲುಮರಗಳನ್ನು ಆರಿಸಿದರಂತೆ. ಕಾಫಿಗೆ ಹಾಲುವಾಣದ ಕೆಳನೆರಳು, ಕಾಡುಮರದ ಮೇಲ್ನೆರಳು ಎಂದು ಲೆಕ್ಕ ಹಾಕುವ ನಮಗೆ ಈ ವಿದ್ಯೆ ಚೆನ್ನಾಗಿ ಅರ್ಥವಾಗುತ್ತದೆ. ಸ್ವಾತಂತ್ರ್ಯ ಬಂದ ಮರುವರ್ಷ ಹುಟ್ಟಿದ ಜಯನಗರ ಬಡಾವಣೆಯ ಅಡ್ಡರಸ್ತೆಗಳಲ್ಲಿ ಹೊಂಗೆ, ಮಳೆಮರಗಳ ನೆರಳಿನಲ್ಲಿ ನಡೆಯುವಾಗ ಹದವಾಗಿ ಕಪಾತು ಮಾಡಿದ ತೋಟದ ನೆನಪು ಬಂತು.

ಬಸವನಗುಡಿ, ಗವಿಪುರ

ಮುಂದಿನ ಬೆಳಿಗ್ಗೆ ದೊಡ್ಡ ಬಸವನ ಗುಡಿ. ಒಂದೇ ಕಲ್ಲಿನ ಬಸವಣ್ಣ, ಆಳೆತ್ತರಕ್ಕೆ ಎರಡೂವರೆ ಪಾಲು ಮೇಲೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಕಡಲೆಕಾಯಿ ತಿಂದು ಹೋಗುತ್ತಿದ್ದ ಬಸವನಿಗೆ ರೈತರು ಮೊದಲ ಫಸಲು ಒಪ್ಪಿಸುವ ಹರಕೆ ಹೊತ್ತರೆಂಬುದು ಕಥೆ. ಇಷ್ಟು ದೊಡ್ಡ ಊರಿನ ನಡುವೆ ಇಂದಿಗೂ ಒಂದು ಬೆಳೆಯ ಹೆಸರಿನಲ್ಲಿ ಜಾತ್ರೆ ನಡೆಯುತ್ತದೆಂಬುದು ಬೆಳೆಗಾರರಾದ ನಾವು ಗಮನಿಸಬೇಕಾದ ಸಂಗತಿ. ನಮಗೆ ಅದು ಅರೇಬಿಕಾ ಕೊಯ್ಲಿನ ಕಾಲ, ಎಲ್ಲರೂ ಹೋಗಲಾಗದು. ಮನೆಗೊಬ್ಬರು ಹೋಗಿ ಬಂದರೂ ಆದೀತು.

ಅಲ್ಲಿಂದ ಅನತಿ ದೂರದಲ್ಲಿ ಗವಿ ಗಂಗಾಧರೇಶ್ವರ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನವೆಂಬ ಕಲ್ಲಿನ ದೊಡ್ಡ ಬಿಲ್ಲೆಗಳಿವೆ.

ಆ ದಿನ ಗಾಂಧಿ ಬಜಾರಿನ ಹತ್ತಿರದ ಒಂದು ಹೋಟೆಲಿನಲ್ಲಿ ನಿಂತು ಫಿಲ್ಟರ್ ಕಾಫಿ ಕುಡಿದೆ. ಕಾಫಿ ಚೆನ್ನಾಗಿತ್ತು. ಪಕ್ಕದಲ್ಲಿದ್ದವರನ್ನು "ಈ ಕಾಫಿ ಎಲ್ಲಿಯದು ಸ್ವಾಮಿ?" ಎಂದು ಕೇಳಿದೆ. "ಇಲ್ಲಿಯದೇ, ಈಗ ತಾನೇ ಮಾಡಿದ್ದು" ಎಂದರು. ಅವರದು ತಪ್ಪೆನ್ನಲಾರೆ. ನಾನೂ ಹದಿನಾಲ್ಕು ವರ್ಷ ಅವರ ಊರನ್ನು ಹಾಗೆಯೇ ತಿಳಿದಿದ್ದೆ.

ಹೆಸರಿನೊಳಗಿನ ಕೆರೆಗಳು

ಬಿ.ಟಿ.ಎಂ. ಲೇಔಟ್ ಎಂಬುದನ್ನು ನಾನು ಯಾವುದೋ ಕಂಪನಿಯ ಹೆಸರೆಂದು ಭಾವಿಸಿದ್ದೆ. ಅದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ. ಸಂದ್ರವೆಂದರೆ ಸಮುದ್ರ, ದೊಡ್ಡ ಕೆರೆ. ತಾವರೆಕೆರೆಯ ಹೆಸರು ತಾನೇ ಹೇಳುತ್ತದೆ. ಮಡಿವಾಳದ ಕೆರೆ ಇಂದಿಗೂ ಸುಮಾರು 270 ಎಕರೆಯಷ್ಟಿದೆ. ಬೆಳಿಗ್ಗೆ ಹೋದರೆ ಹೆಜ್ಜಾರ್ಲೆಗಳು ತೇಲುತ್ತಿರುತ್ತವೆ. ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯಲ್ಲಿ 13ನೆಯ ಶತಮಾನದ ತಮಿಳು ಶಾಸನವಿದೆ. ಇನ್ನೂ ದಕ್ಷಿಣಕ್ಕೆ ಬೇಗೂರಿನ ದೇವಾಲಯದ ಶಾಸನ ಅದಕ್ಕಿಂತ ಹಳೆಯದು, ಸುಮಾರು ಕ್ರಿ.ಶ. 890ರದು. ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನನ್ನು ಅದು ಹಳಗನ್ನಡದಲ್ಲಿ ನೆನೆಯುತ್ತದೆ. ಹೊಯ್ಸಳ ದೊರೆಗೆ ಅಜ್ಜಿ ಬೆಂದ ಕಾಳು ಕೊಟ್ಟು ಊರಿಗೆ ಹೆಸರು ಬಂತೆಂಬ ಕಥೆ ಹೇಳುವವರು ಒಮ್ಮೆ ಇಲ್ಲಿಗೆ ಬರಬೇಕು. ಹೊಯ್ಸಳರಿಗಿಂತ ಮೊದಲೇ ಹೆಸರು ಇತ್ತು.

ಮಗಳ ಮನೆಯ ಹತ್ತಿರವೇ ಪುಟ್ಟೇನಹಳ್ಳಿ ಕೆರೆ. ಒಣಗಿ, ಕಟ್ಟಡದ ಕಸ ಸುರಿಯುವ ಜಾಗವಾಗಿದ್ದ ಈ ಪುಟ್ಟ ಕೆರೆಗೆ ಸುತ್ತಲಿನ ನಿವಾಸಿಗಳೇ 2010ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡು ಜೀವ ಕೊಟ್ಟರು. ಪಕ್ಕದ ವಸತಿ ಸಮುಚ್ಚಯದಿಂದ ಶುದ್ಧೀಕರಿಸಿದ ನೀರು ಕೆರೆಗೆ ಹರಿದು ಬರುತ್ತದೆ. ನೀರು ಬಂದ ಮೇಲೆ ಹಕ್ಕಿಗಳು ಬಂದವು. ಬೇಸಿಗೆಯಲ್ಲಿ ಇಲ್ಲಿ ಗಿಡಗಳಿಗೆ ನೀರು ಹೊರುವ ಗುಂಪಿನಲ್ಲಿ ನನ್ನ ಮಗಳೂ ಇದ್ದಾಳೆಂಬ ವಿಷಯ ನನಗೆ ಆ ದಿನ ಕೆರೆಯ ಏರಿಯ ಮೇಲೆ ಸಿಕ್ಕ ಹಿರಿಯರೊಬ್ಬರಿಂದ ತಿಳಿಯಿತು. ಮನೆಯಲ್ಲಿ ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬನಶಂಕರಿಯಿಂದ ಬನ್ನೇರುಘಟ್ಟಕ್ಕೆ

ಕನಕಪುರ ರಸ್ತೆಯ ಬನಶಂಕರಿ ದೇವಾಲಯ 1915ರದು. ಬೇರೆಡೆ ರಾಹುಕಾಲವೆಂದರೆ ಕೆಲಸ ನಿಲ್ಲಿಸುತ್ತಾರೆ. ಇಲ್ಲಿ ಆ ಹೊತ್ತಿನಲ್ಲಿಯೇ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚಿ ಪೂಜಿಸುತ್ತಾರೆ. ಜಯನಗರ ಒಂಬತ್ತನೇ ಬಡಾವಣೆಯ ರಾಗಿಗುಡ್ಡದಲ್ಲಿ, ರಾಗಿಯ ರಾಶಿಯೇ ಕಲ್ಲಾಯಿತೆಂದು ನಂಬುವ ಗುಡ್ಡದ ಮೇಲೆ ಆಂಜನೇಯ ನಿಂತಿದ್ದಾನೆ. ಗಟ್ಟಿಯಾಗಿ ನಡೆಯಬಲ್ಲವರು ಇನ್ನೂ ಮುಂದೆ ತುರಹಳ್ಳಿ ಕಾಡಿಗೆ ಹೋಗಲಿ. ಬಂಡೆ, ಕುರುಚಲು, ನವಿಲಿನ ಕೂಗು. 2021ರಲ್ಲಿ ಇದನ್ನು ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ, ಕಾಡನ್ನು ಕಾಡಾಗಿಯೇ ಬಿಡಿ ಎಂದು ಜನ ಬೀದಿಗಿಳಿದು ಪ್ರತಿಭಟಿಸಿದರು.

ಬನ್ನೇರುಘಟ್ಟಕ್ಕೆ ಒಂದು ಪೂರ್ತಿ ದಿನ ಇಡಿ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕಾಡು ಇಂದು 260 ಚದರ ಕಿಲೋಮೀಟರಿನಷ್ಟಿದೆ. ದಕ್ಷಿಣಕ್ಕೆ ಕಾವೇರಿ ವನ್ಯಧಾಮದವರೆಗೆ ಆನೆಗಳ ದಾರಿ. ಬೇಲಿ ಮುರಿಸಿಕೊಂಡ ನಮಗೆ ಆನೆ ಹೊಸದಲ್ಲ. ಬೆಂಗಳೂರಿನ ಅಂಚಿನ ರೈತರೂ ರಾಗಿ ಕೊಯ್ಲಿನ ಕಾಲದಲ್ಲಿ ನಿದ್ದೆಗೆಡುತ್ತಾರೆಂದು ತಿಳಿದಾಗ ಊರುಗಳ ಅಂತರ ಕಡಿಮೆಯಾಗುತ್ತದೆ. ಮಂಗಳವಾರ ಅಲ್ಲಿನ ಜೈವಿಕ ಉದ್ಯಾನಕ್ಕೆ ರಜೆ, ಮರೆಯಬೇಡಿ.

ನಲ್ಲಿಯಲ್ಲಿ ನಮ್ಮ ಮಳೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯ ಏಣುಗಳ ಮೇಲೆ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಗೆ, ಇನ್ನೊಂದು ಮಗ್ಗುಲಿನದು ಭದ್ರೆಗೆ, ಮತ್ತೊಂದು ನೇತ್ರಾವತಿಗೆ ಹೋಗುವುದನ್ನು ನಾವು ಚಿಕ್ಕಂದಿನಿಂದ ಕಂಡಿದ್ದೇವೆ. ದಕ್ಷಿಣ ಬೆಂಗಳೂರೂ ಅಂಥ ಏಣಿನ ಮೇಲಿದೆ. ಬಸವನಗುಡಿಯ ಪಡುವಣ ಇಳಿಜಾರಿನ ನೀರು ವೃಷಭಾವತಿಯಾಗಿ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಮಡಿವಾಳ ಕೆರೆಯ ನೀರು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಏಣಿನ ಮೇಲೆ ಊರು ಕಟ್ಟಿದವರಿಗೆ ಹೊಳೆಯಿಲ್ಲ; ಆದ್ದರಿಂದ ಅವರು ಕೆರೆ ಕಟ್ಟಿದರು. ಊರು ಬೆಳೆದು ಕೆರೆ ಸಾಲದಾದಾಗ 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂತು, 2024ರ ಅಕ್ಟೋಬರಿನಲ್ಲಿ ಐದನೆಯ ಹಂತದ್ದು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಆ ನೀರನ್ನು ಪಂಪು ಮಾಡುತ್ತಾರೆ.

ಆ ನೀರಿನಲ್ಲಿ ಕೊಡಗಿನ ಮಳೆಯಿದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ ಕನ್ನಂಬಾಡಿ ಸೇರುವ ಹೇಮಾವತಿಯ ನೀರೂ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರುಗಳು ಬತ್ತಿದಾಗ ಮಗಳ ಮನೆಗೆ ಟ್ಯಾಂಕರಿನ ನೀರು ತರಿಸುತ್ತಿದ್ದರಂತೆ. ಆ ವರ್ಷ ನಮಗೆ ಹೂಮಳೆ ತಡವಾಯಿತೆಂದು ನಾನು ಫೋನಿನಲ್ಲಿ ಗೊಣಗುತ್ತಿದ್ದೆ. ಎರಡೂ ಒಂದೇ ಬರದ ಎರಡು ತುದಿಗಳೆಂದು ಆಗ ಹೊಳೆಯಲಿಲ್ಲ. ನಮ್ಮ ತಲೆಯ ಮೇಲಿನ ಶೋಲೆ ಕಾಡು, ತೋಟದ ನೆರಳುಮರ ಉಳಿದರೆ ಅದರ ಫಲ ಮಕ್ಕಳ ಅಡಿಗೆಮನೆಗೂ ತಲುಪುತ್ತದೆ. ನೆರಳುಮರಕ್ಕೆ ಕೊಡಲಿ ಹಾಕುವ ಮುನ್ನ ಸದಸ್ಯರು ಇದನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ನನ್ನ ಪ್ರಾರ್ಥನೆ.

ಸಂಘದ ಮುಂದೆ ಸೂಚನೆ

ಕಾಶಿಯಾತ್ರೆಯನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಅದರ ಜೊತೆಗೆ ಇದೂ ಇರಲಿ. ಬರುವ ಆಗಸ್ಟ್ ಮೊದಲ ಪಕ್ಷದಲ್ಲಿ, ಎರಡನೇ ಬೋರ್ಡೋ ಸಿಂಪಡಣೆ ಮುಗಿದ ಮೇಲೆ, ಮೂರು ದಿನದ ಪ್ರವಾಸ. ಲಾಲ್‌ಬಾಗಿನಲ್ಲಿ ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನವೂ ಆಗ ಸಿಗುತ್ತದೆ. ಮೊದಲ ದಿನ ಲಾಲ್‌ಬಾಗ್, ಬಸವನಗುಡಿ, ಗವಿಪುರ. ಎರಡನೇ ದಿನ ಜಯನಗರ, ರಾಗಿಗುಡ್ಡ, ಮಡಿವಾಳ, ಬೇಗೂರು. ಮೂರನೇ ದಿನ ಬನಶಂಕರಿ, ಬನ್ನೇರುಘಟ್ಟ. ವಾಹನದ ಚಿಂತೆ ಕಡಿಮೆ. ಮೆಟ್ರೋದ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಜಯನಗರ, ಬನಶಂಕರಿ, ಜೆ.ಪಿ. ನಗರ ನಿಲ್ದಾಣಗಳಿವೆ, ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಬದಲಿಸಿದರೆ, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ರಾಗಿಗುಡ್ಡ, ಬಿ.ಟಿ.ಎಂ. ಲೇಔಟ್ ಮುಟ್ಟಿಸುತ್ತದೆ. ಹತ್ತು ಗಂಟೆಯ ಮೇಲೆ ರಸ್ತೆಗಳಲ್ಲಿ ವಾಹನ ದಟ್ಟಣೆ ವಿಪರೀತ. ಬೆಳಿಗ್ಗೆ ಆರಕ್ಕೆ ಹೊರಡುವವರಿಗೆ ಮಾತ್ರ ಈ ಊರು ತೆರೆದುಕೊಳ್ಳುತ್ತದೆ.

ವಸತಿಗೆ ಛತ್ರ ಬೇಡವೆಂದು ನನ್ನ ಸಲಹೆ. ನಮ್ಮ ಸದಸ್ಯರಲ್ಲಿ ಬಹುಪಾಲು ಜನರ ಮಕ್ಕಳು ಈ ಬಡಾವಣೆಗಳಲ್ಲಿಯೇ ಇದ್ದಾರೆ. ಅವರವರ ಮನೆಯಲ್ಲಿ ಇಳಿದುಕೊಳ್ಳೋಣ. ಒಂದು ದಿನವಾದರೂ ಮಕ್ಕಳು ರಜೆ ಹಾಕಿ ನಮ್ಮೊಡನೆ ಬರಲಿ. ದಾರಿ ಅವರೇ ತೋರಿಸಲಿ.

ಊರಿಗೆ ಹೊರಡುವ ಹಿಂದಿನ ದಿನ ನನ್ನ ಮನೆಯವರು ಕೋಲು ಹಿಡಿದು ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ನೂರು ಹೆಜ್ಜೆ ನಡೆದರು. ಮಗಳು ಕೈ ಹಿಡಿದಿದ್ದಳು. ತಾನು ನೆಟ್ಟ ಹೊಂಗೆ ಗಿಡವನ್ನು ತೋರಿಸಿದಳು. ಬುಡಕ್ಕೆ ಮಣ್ಣು ಏರಿಸಿದ್ದು ಹೆಚ್ಚಾಗಿದೆಯೆಂದು ನಾನು ಹೇಳಿದೆ. ಅವಳು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ಕೈಯಿಂದ ಮಣ್ಣು ಬಿಡಿಸಿದಳು. ಯಾವಾಗ ವಾಪಸ್ ಬರುತ್ತೀಯೆಂದು ಆ ಸಲ ನಾನು ಕೇಳಲಿಲ್ಲ. ಡಿಸೆಂಬರಿನಲ್ಲಿ ಕೊಯ್ಲಿಗೆ ನಾಲ್ಕು ದಿನ ರಜೆ ಹಾಕಿ ಅವಳೇ ಬಂದಿದ್ದಳು.

ಪ್ರವಾಸಕ್ಕೆ ಬರಲಿಚ್ಛಿಸುವ ಸದಸ್ಯರು ತಮ್ಮ ಹೆಸರನ್ನು ಸಂಘದ ಕಚೇರಿಯಲ್ಲಿ ಬರೆಸಬೇಕಾಗಿ ವಿನಂತಿ. ಸಭೆಯಲ್ಲಿ ಎದ್ದು ಮಾತನಾಡಿದ ಹಿರಿಯರ ಹೆಸರನ್ನು ಮೊದಲನೆಯದಾಗಿ ನಾನೇ ಬರೆದಿಟ್ಟಿದ್ದೇನೆ. ಅವರು ದಯವಿಟ್ಟು ಹೊಡೆದುಹಾಕದಿರಲಿ.

— ಕಾರ್ಯದರ್ಶಿ