ಬಿಸಿಲಿಗೆ ಒಣಗುವ ತಿಪ್ಪೆ


ಕಡೂರು ಸೀಮೆಯ ಬಿಸಿಲಿಗೆ ತಿಪ್ಪೆ ಕೊಳೆಯುವುದಕ್ಕಿಂತ ಒಣಗುವುದೇ ಹೆಚ್ಚು. ಸಗಣಿಯ ಸಾರಜನಕ ಗಾಳಿಗೆ ಹೋಗಿ, ತೋಟಕ್ಕೆ ನೀವು ಹೊರುವುದು ಬರೀ ಹೊಟ್ಟು. 1939ರಲ್ಲಿ ಬೆಂಗಳೂರಿನಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ರೂಪಿಸಿದ ‘ಬೆಂಗಳೂರು ವಿಧಾನ’ ಮಳೆ ಕಡಿಮೆಯಿರುವ ಬಯಲುಸೀಮೆಗೆ ಹೇಳಿ ಮಾಡಿಸಿದಂತಿದೆ.

ನೆರಳಿನಲ್ಲಿ, ಮಳೆನೀರು ನುಗ್ಗದ ಕಡೆ ಮೂರು ಅಡಿ ಆಳದ ಗುಂಡಿ ತೆಗೆಯಿರಿ. ತರಕಾರಿ ಸಿಪ್ಪೆ, ತರಗೆಲೆ, ದನ ತಿಂದು ಬಿಟ್ಟ ಮೇವನ್ನು ಅರ್ಧ ಅಡಿ ಹರಡಿ, ಮೇಲೆ ಎರಡು ಅಂಗುಲ ಸಗಣಿ ಹಾಕಿ ಗಂಜಲ ಚಿಮುಕಿಸಿರಿ. ತೆಂಗಿನ ಗರಿಯನ್ನು ಕತ್ತರಿಸಿಯೇ ಹಾಕಬೇಕು. ಇಡೀ ಗರಿ ವರ್ಷವಾದರೂ ಹಾಗೆಯೇ ಇರುತ್ತದೆ. ಹೀಗೆ ಪದರ ಪದರವಾಗಿ ತುಂಬಿದ ಮೇಲೆ ಕೆಸರುಮಣ್ಣಿನಿಂದ ಮೆತ್ತಿ ಮುಚ್ಚಿರಿ. ತೇವ ಒಳಗೇ ಉಳಿಯುವುದರಿಂದ ಮಗುಚುವ ಕೆಲಸವಿಲ್ಲ. ಆರರಿಂದ ಎಂಟು ತಿಂಗಳು ಕಾಯಬೇಕು, ಅದೊಂದೇ ತೊಡಕು.

ಮದುವೆ, ಹಬ್ಬಗಳಲ್ಲಿ ಮಿಕ್ಕ ಅನ್ನ ಈ ಗುಂಡಿಗೆ ಹೋಗಲಿ. ‘ಚೆಲ್ಲುವುದೇಕೆ’ ಎಂದು ಬುಟ್ಟಿಗಟ್ಟಲೆ ಹಸುವಿಗೆ ಸುರಿದರೆ ಹೊಟ್ಟೆಯಲ್ಲಿ ಹುಳಿಯೇರಿ, ಹಸು ಮೆಲುಕು ನಿಲ್ಲಿಸಿ ನೆಲಹಿಡಿಯುತ್ತದೆ. ಒಂದೆರಡು ದಿನದಲ್ಲೇ ಪ್ರಾಣ ಹೋಗುವುದುಂಟು. ಅನ್ನ ತಿಂದ ಹಸು ಮಂಕಾಗಿದ್ದರೆ ಬೆಳಗಿನವರೆಗೆ ಕಾಯದೆ ಪಶುವೈದ್ಯರನ್ನು ಕರೆಸಿರಿ. ಕಸ ಕಟ್ಟಿದ ಪ್ಲಾಸ್ಟಿಕ್ ಕವರು ಗುಂಡಿಗೂ ಬೇಡ, ತಿಪ್ಪೆಗೂ ಬೇಡ. ಉಪ್ಪಿನ ವಾಸನೆಗೆ ಹಸು ಕವರಿನ ಸಮೇತ ನುಂಗಿಬಿಡುತ್ತದೆ.